ಬೆನ್ನ ಹಿಂದೆ ಸುರಿದ ನೀರು

ಹೇಗ್ ನಗರದ ಯುದ್ಧಾಪರಾಧ ನ್ಯಾಯಾಲಯದಿಂದ ಬಂದಿದ್ದ ಹೆಂಗಸು ಶೆಮ್ಸಾಳಿಗೆ ಮೂರು ಸಲ ಹೇಳಿದ್ದಳು, ಯಾರ ಹತ್ತಿರವೂ ಬಾಯಿ ಬಿಡಬೇಡಿ ಎಂದು. ಅಲ್ಲಿ ಶೆಮ್ಸಾಳಿಗೆ ಹೆಸರಿರುವುದಿಲ್ಲ, ಬರೀ ಒಂದು ಸಂಖ್ಯೆ. ಮುಖಕ್ಕೆ ಪರದೆ, ದನಿಯೂ ಬದಲು. ಯುದ್ಧದ ವರ್ಷ ಅವಳ ಗಂಡ ರಾಮಿಜ್‌ನನ್ನೂ ಬೀದಿಯ ಉಳಿದ ಗಂಡಸರನ್ನೂ ಲಾರಿಗೆ ಹತ್ತಿಸಲು ಆಜ್ಞೆ ಕೊಟ್ಟ ಪೊಲೀಸ್ ಮುಖ್ಯಸ್ಥನ ವಿರುದ್ಧ ಅವಳು ಸಾಕ್ಷಿ ಹೇಳಬೇಕಿತ್ತು. ಆ ಲಾರಿ ಹತ್ತಿದವರು ಯಾರೂ ಮರಳಿರಲಿಲ್ಲ. ಅವನ ಜನ ಬೋಸ್ನಿಯಾದ ಆ ಊರಲ್ಲಿ ಇನ್ನೂ ಎದೆಯುಬ್ಬಿಸಿಕೊಂಡೇ ಓಡಾಡುತ್ತಿದ್ದರು. ಸುದ್ದಿ ಸೋರಿದರೆ ಸೇತುವೆಯಾಚೆ ಇದ್ದ ಮಗಳು, ಮೊಮ್ಮಕ್ಕಳ ಗತಿ? ಹಾಗಾಗಿ ಸ್ವೀಡನ್ನಿನ ತಂಗಿಯ ಮನೆಗೆ ಹೊರಟಿದ್ದೇನೆಂದು ಬೀದಿಗೆಲ್ಲ ಸಾರಿಬಿಟ್ಟಳು.

ಎಲ್ಲರೂ ನಂಬಿದರು, ಗೋಡೆಯಾಚೆಯ ಸ್ಟಾನಾ ಒಬ್ಬಳನ್ನು ಬಿಟ್ಟು. ಸ್ಟಾನಾ ಸೆರ್ಬರವಳು, ಆ ಮುಖ್ಯಸ್ಥನ ಜನಾಂಗದವಳೇ; ಅವಳ ತಮ್ಮ ಅದೇ ಮುಖ್ಯಸ್ಥನ ಕೈಕೆಳಗೆ ಪೇದೆಯಾಗಿದ್ದವನು. ಯುದ್ಧದಲ್ಲಿ ಊರು ಬಿಟ್ಟಿದ್ದ ಶೆಮ್ಸಾ ಮರಳಿ ಐದು ವರ್ಷವಾಗಿತ್ತು. ಅಂದಿನಿಂದ ಇಬ್ಬರೂ ಕಾಫಿ ಕುಡಿಯುತ್ತ ಮಳೆ, ಮೆಣಸಿನಕಾಯಿ, ಮಂಡಿನೋವು ಎಲ್ಲ ಮಾತಾಡಿದ್ದರು, ಆ ವರ್ಷದ ಮಾತೊಂದನ್ನು ಬಿಟ್ಟು. ಈಗ ನೋಡಿದರೆ ಸ್ಟಾನಾ ದಿನಕ್ಕೆರಡು ಸಲ ವಕ್ಕರಿಸುತ್ತಿದ್ದಳು.

ಹೊರಡುವ ಹಿಂದಿನ ಮಧ್ಯಾಹ್ನ ಸ್ಟಾನಾ ತೆರೆದಿದ್ದ ಸೂಟ್‌ಕೇಸಿನ ಮೇಲೆ ಕಣ್ಣು ಹಾಯಿಸಿದಳು.

“ಅಲ್ಲ ಕಣೇ, ತಂಗಿ ಮನೆಗೆ ಹೋಗೋಳು ಒಂದು ಪೊಟ್ಟಣ ಕಾಫಿಪುಡಿನೂ ಇಟ್ಕೊಂಡಿಲ್ವಲ್ಲ? ಒಣಮಾಂಸ ಬೇಡ್ವಾ? ಬರಿಗೈಲಿ ಹೋದ್ರೆ ಬಾಗಿಲಲ್ಲೇ ನಿಲ್ಲಿಸ್ತಾಳೆ ನೋಡು!”

ಶೆಮ್ಸಾ ಸೂಟ್‌ಕೇಸಿನ ಮುಚ್ಚಳ ಮುಚ್ಚಿದಳು. ಇದೊಂದು ಹೊಳೆಯಲೇ ಇಲ್ಲವಲ್ಲ ತನಗೆ! “ಅಲ್ಲೂ ಎಲ್ಲಾ ಸಿಗುತ್ತಂತೆ ಮಾರಾಯ್ತಿ,” ಎಂದಳು.

“ಸಿಗುತ್ತೆ, ಸಿಗುತ್ತೆ,” ಎನ್ನುತ್ತ ಸ್ಟಾನಾ ಬಟ್ಟಲು ಕೆಳಗಿಟ್ಟು ಎದ್ದುಹೋದಳು. ನೆಟ್ಟಗೆ ತಮ್ಮನ ಕಿವಿಗೆ ಊದಲು ಹೋದಳೆಂದೇ ಶೆಮ್ಸಾಳಿಗೆ ಖಾತ್ರಿಯಾಯಿತು.

ಬೆಳಿಗ್ಗೆ ನ್ಯಾಯಾಲಯದವರ ಬೂದು ಬಣ್ಣದ ಕಾರು ಬೇಕರಿಯ ತಿರುವಿನಲ್ಲಿ ಕಾಯುತ್ತಿತ್ತು. ಶೆಮ್ಸಾ ಗೇಟು ದಾಟಿದ್ದೇ ತಡ, ಹಿಮ್ಮಡಿಗೆ ತಣ್ಣೀರು ಚಿಮ್ಮಿತು. ತಿರುಗಿದರೆ, ತಾಮ್ರದ ಹೂಜಿ ಹಿಡಿದು ನಿಂತ ಸ್ಟಾನಾ.

“ನೀರು ಹರಿದಂಗೆ ಸರಾಗವಾಗಿ ಹೋಗ್ಬಾ. ಕೋರ್ಟಿಗೆ ಹೊರಟೋರ ಹಿಂದೆ ಸುರೀಬೇಕಲ್ವಾ?”

ಮುಗಿಯಿತು, ವಾಪಸು ಹೋಗಿ ಬಾಗಿಲು ಹಾಕಿಕೊಳ್ಳುವುದೇ ಸರಿ ಅನ್ನಿಸಿತು ಶೆಮ್ಸಾಳಿಗೆ. “ಯಾರಿಗೆ ಹೇಳ್ದೆ? ನಿನ್ನ ತಮ್ಮಂಗೆ ಹೇಳ್ದೆ ತಾನೆ?”

“ನನ್ನ ಮಂಡಿ ಆಪರೇಷನ್ ನೆನಪಿದ್ಯಾ?”

ಹೋದ ತಿಂಗಳಿನ ಮಾತು. ಸ್ಟಾನಾ ಹತ್ತು ದಿನ ಕಾಣೆಯಾಗಿ, ಮೊದಲಿನಂತೆಯೇ ಕುಂಟುತ್ತ ಬಂದಿದ್ದಳು. ಎಂಥ ಡಾಕ್ಟರಪ್ಪಾ ಎಂದು ಶೆಮ್ಸಾ ನಕ್ಕಿದ್ದಳು.

“ಇದೇ ಕಾರು ಬಂದಿತ್ತು. ಲಾರಿ ಬಂದ ದಿನ ಕಿಟಕಿಯಿಂದ ನೋಡಿದ್ದನ್ನೆಲ್ಲ ಕೋರ್ಟಲ್ಲಿ ಹೇಳ್ಬಂದೆ. ಆಜ್ಞೆ ಕೊಟ್ಟೋನು ಯಾರು ಅಂತ ಕೇಳಿದ್ರು, ಹೇಳ್ದೆ. ನಿನ್ನ ರಾಮಿಜ್‌ನ ಲಾರಿಗೆ ಹತ್ತಿಸಿದ ಪೇದೆ ಯಾರು ಅಂದ್ರು. ನನ್ನ ತಮ್ಮ ಅಂದೆ.” ಸ್ಟಾನಾ ಹೂಜಿಯೊಳಗೆ ನೋಡಿದಳು. “ನನ್ನ ಹಿಂದೆ ನೀರು ಸುರಿಯೋಕೆ ಯಾರೂ ಇರ್ಲಿಲ್ಲ ಕಣೇ.”

ಶೆಮ್ಸಾಳಿಗೆ ಮೈಯೆಲ್ಲ ಉರಿಯಿತು. “ಐದು ವರ್ಷ ನನ್ನ ಕಾಫಿ ಕುಡ್ಕೊಂಡು ಬಾಯ್ ಮುಚ್ಕೊಂಡಿದ್ಯಲ್ಲೇ ಪಾಪಿ!”

“ಹೂಂ,” ಎಂದಳು ಸ್ಟಾನಾ. “ಇದ್ದೆ.”

ಕಾರಿನವನು ಹಾರ್ನ್ ಒತ್ತಿದ. ಶೆಮ್ಸಾ ಸೂಟ್‌ಕೇಸು ಕೆಳಗಿಟ್ಟು ಹೂಜಿ ಕಿತ್ತುಕೊಂಡಳು. ತಳದಲ್ಲಿ ಇನ್ನೂ ಒಂದಿಷ್ಟು ನೀರಿತ್ತು. ಅದನ್ನು ಸ್ಟಾನಾಳ ಹಿಮ್ಮಡಿಯ ಹಿಂದೆ ಸುರಿದಳು. ಆಮೇಲೆ ಕಾರಿನ ಕಡೆ ನಡೆದಳು.