ಪುಟ್ಟಯ್ಯನ ಎಲೆ

“ಏಯ್, ಸೋಫಾ ಗೆಸ್ಟ್‌ಗಳಿಗೆ ಕಣಮ್ಮ. ಗಂಡಂದು ಕಾರ್ಯಕ್ರಮ ಅಂತ ನೀನು ಮುಂದೆ ಕೂರೋದಾ? ಏಳು, ಹಿಂದ್ಗಡೆ ಹೋಗು.”

ಕಾರ್ಯಕ್ರಮದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಪರಮೇಶ ಅವಳ ತೋಳು ಮುಟ್ಟಲಿಲ್ಲ. ಮುಟ್ಟದೆಯೇ ಎಬ್ಬಿಸುವುದು ಅವನಿಗೆ ಗೊತ್ತಿತ್ತು. ದ್ಯಾಮಮ್ಮ ಎದ್ದಳು. ವೇದಿಕೆಯ ಮೇಲೆ ಅವಳ ಗಂಡ ಗೋವಿಂದಯ್ಯನ ಫೋಟೋ, ಪಕ್ಕದಲ್ಲಿ ಅವನ ತಮಟೆ. ಎರಡಕ್ಕೂ ಹಾರ. ಭದ್ರಾವತಿಯಿಂದ ಬಸ್ಸಿನಲ್ಲಿ ತಮಟೆ ಹೊತ್ತು ತಂದವಳು ಅವಳೇ. ಸವಳಂಗ ರಸ್ತೆಯ ಈ ಹಾಲಿನಲ್ಲಿ ತಮಟೆಗೆ ಸಿಕ್ಕ ಜಾಗ ಅವಳಿಗೆ ಸಿಗಲಿಲ್ಲ.

ದುಶ್ಯಂತ ಅವಳನ್ನು ಪಕ್ಕದ ಕೋಣೆಗೆ ಕರೆಸಿದ. ಸ್ಮರಣೆಯ ಕಾರ್ಯಕ್ರಮ ಅವನದು. ಅವಳ ಮಗಳು ಕವನ ಗುಮಾಸ್ತೆಯಾಗಿದ್ದ ಕಾಲೇಜೂ ಅವನದೇ.

“ನೋಡು ದ್ಯಾಮಮ್ಮ, ಮೈಕ್ ಕೊಟ್ಟಾಗ ಎರಡೇ ಮಾತು. ಕೊರೋನಾ ಟೈಮಲ್ಲಿ ಹೆಣ ಸಾಗಿಸ್ದ, ಸೇವೆ ಮಾಡ್ದ ಅನ್ನು. ನಮ್ಮಪ್ಪನ ಚಿತೆಗೆ ನಾನೇ ಬೆಂಕಿ ಇಟ್ಟೆ, ನಿನ್ ಗಂಡ ಪಕ್ಕದಲ್ಲಿ ನಿಂತಿದ್ದ ಅನ್ನು. ಜನ ಏನೇನೋ ಆಡ್ಕೊಂತಾವ್ರೆ. ಕವನಂದು ಪರ್ಮನೆಂಟ್ ಫೈಲು ನನ್ ಟೇಬಲ್ ಮೇಲೇ ಐತೆ.”

ದ್ಯಾಮಮ್ಮ ಹೂಂ ಅಂದಳು. ಮಗಳ ಕೆಲಸದ ಪ್ರಶ್ನೆ, ಇನ್ನೇನು ಅಂದಾಳು?

ಆ ಚಿತೆ ಉರಿದ ದಿನ ಗೋವಿಂದಯ್ಯ ಮಸಣದಿಂದ ಬಂದು, ಅಂಗಳದಲ್ಲೇ ಮೈಮೇಲೆ ನೀರು ಸುರಿದುಕೊಂಡಿದ್ದ. “ಮಗ ಕಾರಿಂದ ಇಳೀಲಿಲ್ಲ ಕಣೇ. ಗಾಜು ಒಂದ್ ಬೆರಳಷ್ಟು ಇಳ್ಸಿ, ನೀನೇ ಇಟ್ಬಿಡೋ ಕೊಳ್ಳಿಯ ಅಂದ. ಇಟ್ಟೆ.” ಸತ್ತವನು ದುಶ್ಯಂತನ ಅಪ್ಪ, ಸೋಗಾನೆ ಕಡೆಯ ಜಮೀನ್ದಾರ ಪುಟ್ಟಯ್ಯ. ಬದುಕಿದ್ದಾಗ ಗೋವಿಂದಯ್ಯನ ಬೊಗಸೆಗೆ ಮೇಲಿನಿಂದ ನೀರು ಹುಯ್ಯುತ್ತಿದ್ದ ಮನುಷ್ಯ.

ಕೊರೋನಾ ಕಾಲದಲ್ಲಿ ಹೆಣಕ್ಕೆ ಮೆರವಣಿಗೆ ಇರಲಿಲ್ಲ, ತಮಟೆ ಬಾರಿಸುವಂತಿರಲಿಲ್ಲ. ಸದ್ದಿಲ್ಲದೆ ಯಾರೂ ಹೋಗಬಾರದೆಂದು ಗೋವಿಂದಯ್ಯ ಪ್ರತಿ ಹೆಣಕ್ಕೂ ಆಂಬುಲೆನ್ಸಿನ ಬಾಗಿಲ ಮೇಲೆ ಬೆರಳಿನಿಂದ ಮೂರು ಪೆಟ್ಟು ಹಾಕುತ್ತಿದ್ದ. ಅವನು ಸತ್ತು ವರ್ಷವಾಗಿದ್ದರೂ ಸಂಜೆಯಾದರೆ ಆ ಪೆಟ್ಟು ದ್ಯಾಮಮ್ಮನಿಗೆ ಮನೆಯ ತಗಡಿನ ಬಾಗಿಲಲ್ಲಿ ಕೇಳುತ್ತಿತ್ತು. ತೆಗೆದರೆ ಯಾರೂ ಇರುತ್ತಿರಲಿಲ್ಲ.

ಕೊಳ್ಳಿ ಇಟ್ಟ ಮೇಲೆ ಎಡೆಯನ್ನೂ ತಾನೇ ಇಡಬೇಕೆಂಬುದು ಅವನ ಹಟ. ಪ್ರತಿ ಮಹಾಲಯ ಅಮಾವಾಸ್ಯೆಗೆ ತನ್ನ ಅಪ್ಪನ ಎಲೆಯ ಪಕ್ಕ ಪುಟ್ಟಯ್ಯನಿಗೂ ಒಂದು ಎಲೆ ಹಾಕುತ್ತಿದ್ದ. “ಬನ್ನಿ ಗೌಡ್ರೆ, ನಮ್ಮನೇಲೇ ಉಣ್ಣಿ,” ಎಂದು ನಗುತ್ತಿದ್ದ. ದ್ಯಾಮಮ್ಮ ಮಾತ್ರ ಆ ಎಲೆಯ ಕಡೆ ನೋಡಲು ಹೆದರುತ್ತಿದ್ದಳು.

ಮೈಕು ಕೈಗೆ ಬಂತು. ಹೇಳಿಕೊಟ್ಟ ಮಾತು ನಾಲಿಗೆ ತುದಿಯಲ್ಲೇ ಇತ್ತು. ಆಗ ಬೆನ್ನ ಹಿಂದೆ ಮೂರು ಪೆಟ್ಟು ಕೇಳಿತು. ತಿರುಗಿ ನೋಡಿದಳು. ತಮಟೆ ಹಾರ ಹೊತ್ತು ಸುಮ್ಮನೆ ನಿಂತಿತ್ತು.

“ನನ್ ಗಂಡ ಪಕ್ಕದಲ್ಲಿ ನಿಂತಿರ್ಲಿಲ್ಲ,” ಎಂದಳು. “ಅವ್ನೇ ಕೊಳ್ಳಿ ಇಟ್ಟ. ಈ ಗೌಡ್ರು ಕಾರಲ್ಲಿ ಕೂತಿದ್ರು. ಇವರಪ್ಪಂಗೆ ವರ್ಷಾ ವರ್ಷಾ ಎಡೆ ಇಡ್ತಿರೋದೂ ನಮ್ಮನೇಲೇ. ನಾಳೆ ಅಮಾಸೆ. ನಾಳೇನೂ ಇಡ್ತೀನಿ.”

ಪರಮೇಶ ವೈರು ಕಿತ್ತ. ಅಷ್ಟರಲ್ಲಿ ಹಿಂದಿನ ಸಾಲಿನವರಿಗೂ ಕೇಳಿಸಿಯಾಗಿತ್ತು.

ಕೆಲಸಕ್ಕೆ ಬರಬೇಡ ಎಂದು ಕವನಳಿಗೆ ಮಾರನೆಯ ಬೆಳಿಗ್ಗೆಯೇ ಫೋನು ಬಂತು. ಅವಳು ಅಮ್ಮನಿಗೆ ಬೆನ್ನು ಹಾಕಿ ಕೂತು, ಮೂಗು ಒರೆಸಿಕೊಳ್ಳುತ್ತಲೇ ಪಲ್ಯಕ್ಕೆ ಹೆಚ್ಚಿದಳು. ಈ ಸಲ ಎಲೆ ಮೂರು, ಗೋವಿಂದಯ್ಯನದೂ ಸೇರಿ.

ಅನ್ನ ಬಡಿಸುವಾಗ ಕೇರಿಯ ತಿರುವಿನಲ್ಲಿ ದುಶ್ಯಂತನ ಕಾರು ಬಂದು ನಿಂತಿತು. ದ್ಯಾಮಮ್ಮ ಕೈ ತೊಳೆಯದೆಯೇ ಹೋದಳು. ಗಾಜು ಒಂದು ಬೆರಳಷ್ಟು ಇಳಿಯಿತು.

“ಲೌಡಿ, ನಮ್ಮಪ್ಪನ ಎಲೆ ಎತ್ತೇ ಮೊದ್ಲು. ನಿಮ್ ಕೇರೀಲಿ ಉಣ್ತಾನೇನೇ ನಮ್ಮಪ್ಪ?”

“ಕರ್ಕೊಂಡ್ ಹೋಗೋದಾದ್ರೆ ಇಳೀರಿ ಗೌಡ್ರೆ. ಒಳಕ್ಕೆ ಬಂದು, ಅದೇ ಎಲೇಲಿ ಒಂದ್ ತುತ್ತು ಉಣ್ಣಿ. ಆಮೇಲೆ ಎತ್ತೀನಿ.”

ಗಾಜು ಮೇಲೇರಿತು. ಬಾಗಿಲು ತೆರೆಯಲಿಲ್ಲ. ದ್ಯಾಮಮ್ಮ ಸ್ವಲ್ಪ ಹೊತ್ತು ಕಾದಳು. ಆಮೇಲೆ, ಹೆಣ ಕಳಿಸುವಾಗ ಗೋವಿಂದಯ್ಯ ಹಾಕುತ್ತಿದ್ದಂತೆಯೇ, ಅನ್ನ ಮೆತ್ತಿದ ಬೆರಳಿನಿಂದ ಆ ಬಾಗಿಲ ಮೇಲೆ ಮೂರು ಪೆಟ್ಟು ಹಾಕಿದಳು.