ವೇರಾಗೆ ಹೇಳಬೇಡಿ

ಕೀಲಿಮಣೆಯ ಕೀಲಿಗಳು ಕಟಕಟ ಅನ್ನುತ್ತಿವೆ, ತೊಡೆಯ ಮೇಲಿನ ರಟ್ಟಿನ ಪೆಟ್ಟಿಗೆಯೊಳಗೆ, ಫೆರಿಯ ಎಂಜಿನ್ನು ಅದುರಿದಾಗಲೆಲ್ಲ ತಾವೂ ಅದುರಿ — ಅಂಗೈ ಒತ್ತಿದರೆ ಸುಮ್ಮನಾಗುತ್ತವೆ, ತೆಗೆದರೆ ಮತ್ತೆ ಶುರು, ಎಷ್ಟು ಪುಟ್ಟ ಕಂಪ್ಯೂಟರು ಇದು, ಮಕ್ಕಳು ಟೀವಿಗೆ ಸಿಕ್ಕಿಸಿ ಆಟವಾಡುವಂಥದ್ದು, ಇದನ್ನು ಹಿಡಿಯುವುದಕ್ಕೆ ಇಡೀ ಚಳಿಗಾಲ ಒದ್ದಾಡಿದೆವು. ಪೊಲೀಸಿನವನು ಫೆರಿಯ ಕೆಳ ಅಂತಸ್ತಿನಲ್ಲಿ ಕಾರಿನಲ್ಲೇ ಉಳಿದ, ನೀವೇ ಇಟ್ಕೊಳ್ಳಿ ಇಂಗುನ್, ನಾನೇನಾದ್ರೂ ಒತ್ತಿಬಿಟ್ರೆ ಸಾಕ್ಷಿನೇ ಹಾರ್ಹೋಗುತ್ತೆ, ಅಂದ, ನಕ್ಕ, ನಾನೂ ನಕ್ಕೆನೇ? ನಕ್ಕಿರಬೇಕು. ಅಸ್ಕೊಯ್ ದ್ವೀಪ ಹಿಂದೆ ಸರಿಯುತ್ತಿದೆ, ಎದುರಿಗೆ ಬರ್ಗೆನ್, ಗುಡ್ಡದ ಮೇಲೆ ನಮ್ಮ ಗಣಕ ಕೇಂದ್ರ, ಅಲ್ಲಿ ನಿರ್ದೇಶಕ ಹಾಲ್ವರ್ ಕಾಯುತ್ತಿದ್ದಾನೆ, ಫೋನಿನಲ್ಲಿ ಅವನ ಧ್ವನಿ ಕುಣಿಯುತ್ತಿತ್ತು, ಬೇಗ ಬಾ, ಮಾರ್ಜಿಪಾನ್ ಕೇಕು ತರಿಸಿದೀನಿ, ನೀನು ಬರೋವರೆಗೂ ಕತ್ತರಿಸಲ್ಲ. ಅವನಿಗೆ ಮೊದಲಿಂದಲೂ ರಷ್ಯನ್ನರ ಮೇಲೇ ಅನುಮಾನ. ಕ್ರಿಸ್ಮಸ್ಸಿಗೆ ಮುಂಚೆ, ಯಾರೋ ಟೆಲಿಫೋನಿನ ತಂತಿಯಲ್ಲಿ ನಮ್ಮ ದೊಡ್ಡ ಯಂತ್ರದೊಳಕ್ಕೆ ನುಸುಳಿದ್ದಾರೆ ಅಂತ ಮೊದಲು ಕಂಡದ್ದು ನನಗೆ, ರಿಪೇರಿಯವರಿಗೆಂದು ಇಟ್ಟಿದ್ದ ಹಳೆಯ ಖಾತೆ, ಅದರ ಹೆಸರೇ ಅದರ ಗುಪ್ತಪದ, ಯಾರೂ ಬದಲಿಸಿರಲಿಲ್ಲ. ಅದನ್ನು ಮುಚ್ಚಿದೆವು, ಬೇರೆ ಹೆಸರಲ್ಲಿ ಬಂದ, ಅದನ್ನೂ ಮುಚ್ಚಿದೆವು, ಮತ್ತೆ ಬಂದ. ತನಗೆ ಜಾಗ ಮಾಡಿಕೊಳ್ಳಲು ಏನೋ ಅಳಿಸುವಾಗ ಊನ್ನಿಯ ಹೆರಿಂಗ್ ಮೀನಿನ ಲೆಕ್ಕವೆಲ್ಲ ಹೋಯಿತು, ಸಂಶೋಧನೆಯ ಹುಡುಗಿ, ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಅತ್ತಳು, ಹೊರಗೆ ನಿಂತು ಕೇಳಿಸಿಕೊಂಡ ನನಗೆ ಮೈಯೆಲ್ಲ ಉರಿಯಿತು, ಇವನ ಕೈ ಮುರಿಯಬೇಕು ಅಂದುಕೊಂಡೆ — ಕೈ, ದೇವರೇ, ಅವನಿಗೆ ಉಳಿದಿದ್ದದ್ದು ಕೈಯೊಂದೇ.

ಕದಿಯುತ್ತಿರಲಿಲ್ಲ ಅವನು, ಅದೇ ವಿಚಿತ್ರವಾಗಿತ್ತು, ಯಾರ ಕಡತವನ್ನೂ ತೆರೆದು ನೋಡುತ್ತಿರಲಿಲ್ಲ, ಮಧ್ಯಾಹ್ನ ಊಟದ ಹೊತ್ತಿಗೆ ಬಂದು, ಯಂತ್ರದಲ್ಲಿ ಆಗ ಯಾರ್ಯಾರು ಕೆಲಸ ಮಾಡುತ್ತಿದ್ದಾರೆ ನೋಡಿ, ಒಬ್ಬೊಬ್ಬರ ಪರದೆಗೂ ಒಂದೊಂದು ಸಾಲು ಕಳಿಸುತ್ತಿದ್ದ, ನಮಸ್ಕಾರ, ನಾನು ನೀರುಕಾಗೆ, ಹಡಗಿಂದ ಮಾತಾಡ್ತಿದೀನಿ, ನಿಮ್ಮಲ್ಲಿ ಹವಾ ಹೇಗಿದೆ? ಹೆಚ್ಚಿನವರು ಉತ್ತರ ಕೊಡುತ್ತಿರಲಿಲ್ಲ. ವೇಷ ಇದು, ಹಾಲ್ವರ್ ಮೇಜು ಗುದ್ದಿ ಹೇಳಿದ, ಒಳಗೊಳಗೆ ಬೇರೇನೋ ನಡೀತಿದೆ. ಟೆಲಿಫೋನ್ ಕಚೇರಿಯಿಂದ ಓಡ್ವಾರ್ ಬಂದ, ದಪ್ಪ ಹೊಟ್ಟೆಯ ಮುದುಕ, ನೋಡಮ್ಮ ಇಂಗುನ್, ನಮ್ಮ ಎಕ್ಸ್‌ಚೇಂಜು ನಿಮ್ಮಜ್ಜಿ ಕಾಲದ್ದು, ಕರೆ ಎಲ್ಲಿಂದ ಬಂತು ಅಂತ ಅದು ತಾನಾಗಿ ಹೇಳಲ್ಲ, ನಾನೇ ಏಣಿ ಹತ್ತಿ ಇಳಿದು ಸ್ವಿಚ್ಚಿಂದ ಸ್ವಿಚ್ಚಿಗೆ ಹುಡುಕ್ಕೊಂಡು ಹೋಗ್ಬೇಕು, ಅವನು ಫೋನಿಟ್ಟ ಅಂದ್ರೆ ಎಲ್ಲಾ ಕಳಚ್ಕೊಂಡು ಹೋಯ್ತು, ಅದಕ್ಕೇ ಅವನನ್ನ ಮಾತಾಡಿಸ್ತಾ ಇರು, ಬೇಕಾದ್ರೆ ಪ್ರೀತಿ ಮಾಡು. ಹಾಗೆ ಹುಟ್ಟಿದಳು ವೇರಾ. ಬೂಡೊ ಊರಿನವಳು, ಮೊದಲ ವರ್ಷದ ವಿದ್ಯಾರ್ಥಿನಿ, ಬರ್ಗೆನ್ನಿನಲ್ಲಿ ಯಾರ ಪರಿಚಯವೂ ಇಲ್ಲ, ಎಲ್ಲ ನಾನೇ ಹೆಣೆದದ್ದು, ನಲವತ್ತಾರರ ನಾನು, ಸಂಜೆ ಮನೆಗೆ ಹೋಗಿ ಒಬ್ಬಳಿಗಾಗಿ ಒಂದೇ ಒಂದು ಮೀನಿನ ತುಂಡು ಬೇಯಿಸಿಕೊಳ್ಳುವವಳು. ಅವನು ವಾಲ್ಪರೈಸೋ ಬಂದರಿನ ಕಥೆ ಹೇಳುತ್ತಿದ್ದ, ಹಡಗಿನ ಅಡುಗೆಯವನು ಸಾಕಿದ ಗಿಳಿ ಕ್ಯಾಪ್ಟನ್ನನ ಧ್ವನಿಯಲ್ಲೇ ಕೂಗಿ ಲಂಗರು ಇಳಿಸಿಬಿಟ್ಟಿತಂತೆ, ನಾನು ಪರದೆಯ ಮುಂದೆ ಗಟ್ಟಿಯಾಗಿ ನಕ್ಕೆ, ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಿದ್ದ ಫೋನಿನಲ್ಲಿ ಓಡ್ವಾರ್ ಏದುಸಿರು ಬಿಡುತ್ತ, ನಗಿಸ್ಬೇಡ್ವೇ ಮಾರಾಯ್ತಿ, ಏಣಿ ಮೇಲಿದೀನಿ. ಎಷ್ಟೋ ಸಲ ದಾರಿ ಅರ್ಧಕ್ಕೇ ಕಡಿದುಹೋಯಿತು, ಛೇ ಅನ್ನುತ್ತಿದ್ದೆ, ಎಲ್ಲರೂ ಕೇಳುವ ಹಾಗೆ ಅನ್ನುತ್ತಿದ್ದೆ, ಒಳಗೆ ಮಾತ್ರ ಏನೋ ಹಗುರ, ನಾಳೆಯೂ ಬರುತ್ತಾನೆ ಅಂತ. ಕಳೆದ ವಾರ ಅವನು ಹೊರಟಿದ್ದ, ಕಾವಲಿಗೆ ಹೋಗ್ಬೇಕು ಮಗಳೇ, ಬರ್ತೀನಿ, ಅಂತ ಬರೆದೂ ಆಗಿತ್ತು, ಇನ್ನೊಂದೇ ಒಂದು ಸ್ವಿಚ್ಚು, ಹಿಡ್ಕೋ ಅವನನ್ನ, ಓಡ್ವಾರ್ ಕಿವಿಯಲ್ಲಿ ಕಿರುಚುತ್ತಿದ್ದ, ನಾನು ಬರೆದೆ, ಹೋಗ್ಬೇಡಿ, ಇವತ್ತು ಯಾಕೋ ತುಂಬಾ ಒಂಟಿ ಅನ್ನಿಸ್ತಿದೆ. ಅವನು ಹೋಗಲಿಲ್ಲ. ಉಳಿದ, ಅದೊಂದು ಮಾತಿಗೆ ಉಳಿದ — ಮತ್ತು ಅದು ಸುಳ್ಳಾಗಿರಲಿಲ್ಲ, ಇದನ್ನು ಯಾರಿಗೆ ಹೇಳಲಿ, ವೇರಾಳ ಬಾಯಲ್ಲಿ ಬಂದದ್ದರಲ್ಲಿ ಅದೊಂದೇ ನಿಜ. ಸಿಕ್ತು! ಓಡ್ವಾರ್ ಕೂಗಿದ, ಹಡಗೂ ಇಲ್ಲ ಗಿಡಗೂ ಇಲ್ಲ, ಎದುರುಗಡೆ ಅಸ್ಕೊಯ್, ನಮ್ಮ ಮೂಗಿನ ಕೆಳಗೇ!

ಇವತ್ತು ಅಸ್ಕೊಯ್‌ನ ಆ ಮನೆಯಲ್ಲಿ ಬಾಗಿಲು ತೆರೆದ ಹೆಂಗಸು ಮಾಗ್ನಿ, ಅವನ ಹೆಂಡತಿ, ಏಪ್ರನ್ನಿಗೆ ಕೈ ಒರೆಸುತ್ತ, ಟೀವಿ ಲೈಸೆನ್ಸಿನೋರಾ, ಕಟ್ಟಿದೀವಲ್ಲ, ಅಂದಳು. ಅಡುಗೆಮನೆಯಲ್ಲಿ ಅವನು, ಐಲೆರ್ಟ್, ಈಗ ಹೆಸರು ಗೊತ್ತು, ನೀಲಿ ಉಣ್ಣೆಯ ಸ್ವೆಟರು, ಕೊರಳಿಗೆ ಸುತ್ತಿದ ಬಟ್ಟೆ, ಉಸಿರಾಡಿದಾಗ ಬಟ್ಟೆಯ ಕೆಳಗಿನಿಂದ ಸುಯ್ಯೆಂಬ ಸದ್ದು, ಪೊಲೀಸಿನವನು, ನಿಮ್ಮ ಹೆಸರು ಹೇಳಿ, ಅಂದ, ಅವನು ಬಾಯಿ ತೆರೆದ, ಏನೂ ಬರಲಿಲ್ಲ, ಪೊಲೀಸಿನವನು ಮತ್ತೆ ಕೇಳಿದ, ಇನ್ನೂ ಗಟ್ಟಿಯಾಗಿ. ಅವ್ರಿಗೆ ಕಿವಿ ಕೇಳುತ್ತಪ್ಪಾ, ಮಾಗ್ನಿ ಅಂದಳು, ಗಂಟಲಿಲ್ಲ ಅಷ್ಟೇ, ಕ್ಯಾನ್ಸರು, ಧ್ವನಿಪೆಟ್ಟಿಗೆ ತೆಗೆದುಬಿಟ್ರು. ಮೂವತ್ತು ವರ್ಷ ಹಡಗಿನ ರೇಡಿಯೋ ಕೋಣೆಯಲ್ಲಿ ಕೂತು ಲೋಕದ ಎಲ್ಲ ಬಂದರುಗಳ ಜೊತೆ ಮಾತಾಡಿದವನಂತೆ. ಅಷ್ಟು ಹೇಳಿ ಅವಳು ನಮಗೆ ಕಾಫಿ ಬಗ್ಗಿಸಿದಳು, ವಾಫಲ್ ಮೇಲೆ ಕಂದು ಚೀಸು ಇಟ್ಟಳು, ಅವರ ಮನೆ ದೋಚಲು ಬಂದ ನಮಗೆ — ಮೊದಮೊದಲು ಸ್ನೇಹಿತ್ರು ಬರ್ತಿದ್ರು, ಇವ್ರು ಸ್ಲೇಟಲ್ಲಿ ಬರೆದು ಮುಗ್ಸೋದ್ರೊಳಗೆ ಅವ್ರು ಬೇರೆ ಮಾತಿಗೆ ಹೋಗಿರ್ತಿದ್ರು, ಆಮೇಲೆ ಇವ್ರು ಬರೆಯೋದು ಬಿಟ್ರು, ಅವ್ರು ಬರೋದು ಬಿಟ್ರು. ಈ ಡಬ್ಬ ತಂದ್ಮೇಲೆ ನೋಡಿ, ನಾನು ಅಂಗಡಿ ಕೆಲ್ಸ ಮುಗ್ಸಿ ಬಂದ್ರೆ ಮುಖ ಅರಳಿರ್ತಿತ್ತು, ಏನ್ ಮಾಡ್ತಾರೋ ನಂಗೊತ್ತಿಲ್ಲ, ಒಳ್ಳೇದೇ ಏನೋ ಅಂದ್ಕೊಂಡೆ. ವಾಫಲ್ ತಟ್ಟೆಗೆ ಇಟ್ಟೆ. ಪರದೆಯ ಮೇಲೆ ಎಲ್ಲರೂ ಮೂಗರೇ ಅಲ್ಲವೇ, ಅಲ್ಲಿ ಅವನು ಯಾರಿಗೂ ಕಡಿಮೆಯಾಗಿರಲಿಲ್ಲ, ನನಗಿಂತ ಚುರುಕಾಗಿದ್ದ, ನಾನು ಒಂದು ಸಾಲು ಬರೆಯುವುದರೊಳಗೆ ಮೂರು ಬರೆಯುತ್ತಿದ್ದ. ಪೊಲೀಸಿನವನು ಟೀವಿಗೂ ಕೈಹಾಕಿದ, ಅದನ್ನ ಬಿಡಪ್ಪಾ, ಅದ್ರಲ್ಲಿ ನಾನು ಸುದ್ದಿ ನೋಡ್ತೀನಿ, ಮಾಗ್ನಿ ಅಡ್ಡ ನಿಂತಳು, ಅವನು ಕೆಂಪಗಾಗಿ ಟೀವಿ ಬಿಟ್ಟ. ದಂಡ ಬೀಳುತ್ತೆ, ಟೆಲಿಫೋನು ಸದ್ಯಕ್ಕೆ ಕಡಿತಾರೆ, ಜೈಲೇನೂ ಇರಲಾರದು ಅಂದ, ಐಲೆರ್ಟ್ ತಲೆಯಾಡಿಸಿದ, ಎದ್ದು ತಾನೇ ತಂತಿಗಳನ್ನು ಬಿಡಿಸಿ, ಸುರುಳಿ ಸುತ್ತಿ, ದಾರ ಕಟ್ಟಿ, ನನ್ನ ಕೈಗೆ ಕೊಟ್ಟ.

ಮಿಕ್ಕ ಸಾಮಾನು ಎತ್ತಿಕೊಂಡು ಪೊಲೀಸಿನವನು ಕಾರಿಗೆ ಹೋದ, ಬಾಗಿಲು ಹಿಡಿಯಲು ಮಾಗ್ನಿಯೂ ಹೋದಳು, ಅಡುಗೆಮನೆಯಲ್ಲಿ ನಾವಿಬ್ಬರೇ. ಅವನು ಗೋಡೆಯ ಮೊಳೆಯಿಂದ ಸ್ಲೇಟು ತೆಗೆದ, ಬಳಪ ಕಿರುಗುಟ್ಟಿತು, ನೀವು ಗಣಕ ಕೇಂದ್ರದವರಾ? ಹೌದು, ಅಂದೆ. ಒರೆಸಿದ, ಬರೆದ, ಅಲ್ಲಿ ವೇರಾ ಅಂತ ಒಬ್ಬ ಹುಡುಗಿ ಇದ್ದಾಳೆ, ಗೊತ್ತಾ? ಈಗ, ಈಗಲೇ ಹೇಳಬೇಕಾಗಿತ್ತು, ನಾನೇ, ನಾನೇ ರೀ ಅವಳು, ಇಷ್ಟು ಚಿಕ್ಕ ಮಾತು, ನನಗೆ ಗಂಟಲಿತ್ತು, ನಾಲಿಗೆಯಿತ್ತು, ಆದರೆ ಅವನ ಮುಖ ನೋಡಿದೆ, ಎಷ್ಟು ಆಸೆಯಿಂದ ಕೇಳುತ್ತಿದ್ದ, ನಾನೇ ಅಂದರೆ ಯಂತ್ರದ ಜೊತೆಗೆ ಅವಳನ್ನೂ ಎತ್ತಿಕೊಂಡು ಹೋದ ಹಾಗೆ, ಅನ್ನದಿದ್ದರೆ — ಗೊತ್ತು, ಅಂದೆ, ಒಳ್ಳೆಯ ಹುಡುಗಿ. ಬಿಗಿದಿದ್ದ ಅವನ ಭುಜಗಳು ಸಡಿಲಾದವು. ಒರೆಸಿದ, ಬರೆದ, ವೇರಾಗೆ ಹೇಳಬೇಡಿ. ಹಡಗು ಹೊರಟಿತು ಅಂತಷ್ಟೇ ಹೇಳಿ. ಸರಿ, ಅಂದೆ. ಮೆಟ್ಟಿಲ ಮೇಲೆ ಪೊಲೀಸಿನವನ ಬೂಟು ಕೇಳಿತು, ಅವನು ಗಡಿಬಿಡಿಯಲ್ಲಿ ಕೆಳಗೆ ಇನ್ನೊಂದು ಸಾಲು ಗೀಚಿದ, ಪರೀಕ್ಷೆಗೆ ಹೆದರಬಾರದಂತೆ ಅನ್ನಿ. ಯಾವ ಪರೀಕ್ಷೆ, ಒಂದು ಕ್ಷಣ ಹೊಳೆಯಲೇ ಇಲ್ಲ, ಆಮೇಲೆ ನೆನಪಾಯಿತು, ಓಡ್ವಾರ್‌ಗೆ ಹೊತ್ತು ಸಾಲದಿದ್ದ ಒಂದು ದಿನ ಏನು ಬರೆಯಲೂ ತೋಚದೆ ಹೊಸೆದಿದ್ದು, ಗಣಿತದ ಪರೀಕ್ಷೆ ಹತ್ತಿರ ಬಂತು, ನಿದ್ದೆ ಬರಲ್ಲ ಅಂತ, ನಾನು ಮರೆತಿದ್ದೆ, ಅವನು ಮರೆತಿರಲಿಲ್ಲ. ಬಾಗಿಲು ತೆರೆಯುವುದಕ್ಕೂ ಅವನು ಸ್ವೆಟರಿನ ತೋಳಿನಿಂದ ಸ್ಲೇಟು ಒರೆಸುವುದಕ್ಕೂ ಸರಿಹೋಯಿತು, ಯಾರೂ ಓದದ ಹಾಗೆ, ಅವಳ ಮರ್ಯಾದೆ ಕಾಯುವವನ ಹಾಗೆ. ಫೆರಿ ದಡಕ್ಕೆ ತಾಗುತ್ತಿದೆ, ಕೆಳಗೆ ಕಾರುಗಳು ಗುರುಗುಟ್ಟುತ್ತಿವೆ, ಎದ್ದು ಇಳಿಯಬೇಕು, ಹಾಲ್ವರ್ ಚಾಕು ಹಿಡಿದು ಕಾಯುತ್ತಿರುತ್ತಾನೆ, ಎಂಥವನು, ಹೇಗಿದ್ದ, ಎಲ್ಲರೂ ಕೇಳುತ್ತಾರೆ, ಏನು ಹೇಳಲಿ, ನೀಲಿ ತೋಳು, ತೋಳಿನ ಅಂಚಿಗೆ ಬಿಳಿ ಬಳಪದ ಪುಡಿ, ಎದ್ದೇಳಬೇಕು, ಕಾರಿನ ಹಾರನ್ನು, ಪೊಲೀಸಿನವನು ನನ್ನನ್ನೇ ಕರೆಯುತ್ತಿದ್ದಾನೆ, ಬಂದೆ, ನೀಲಿ ತೋಳು, ಒರೆಸಿದ ಸ್ಲೇಟು, ಒರೆಸಿದರೂ ಹೋಗದೆ ಬೂದಿ ಬಣ್ಣದಲ್ಲಿ ಉಳಿದ ಹೆಸರು, ನೀಲಿ ತೋಳಿನ ಅಂಚಿನಲ್ಲಿ ಬಳಪದ ಪುಡಿ —