ಕರಡಿ ಪೊಟ್ಟಣ

ಮೂವತ್ತೆರಡು ವರ್ಷ ಕಾದಿದ್ದೆ. ಕೊನೆಗೂ ಯೋರ್ದಾಂಕ ತಾನಾಗಿಯೇ ಪ್ಲೆವೆನ್ ಪಟ್ಟಣದ ನನ್ನ ದಂತ ಚಿಕಿತ್ಸಾಲಯಕ್ಕೆ ಬಂದಳು. ಕೈಯಲ್ಲಿ ಮನೆಯಲ್ಲೇ ಕಾಯಿಸಿದ ಕೆಂಪು ಮೆಣಸಿನ ಲ್ಯುತೆನಿತ್ಸಾ ಗೊಜ್ಜಿನ ಜಾಡಿ, ಪಕ್ಕದಲ್ಲಿ ಹನ್ನೊಂದು ವರ್ಷದ ಮಗಳು ಮಿಲೆನ. ಮದುವೆಯಾಗಿ ನನ್ನ ಮನೆತನದ ಹೆಸರು ಬದಲಾಗಿದೆ, ಮುಖಕ್ಕೆ ಮಾಸ್ಕ್ ಇದೆ. ಪಾಪಿಗೆ ಗುರುತೇ ಸಿಗಲಿಲ್ಲ.

ಐದನೇ ತರಗತಿಯಲ್ಲಿ ನನ್ನ ಉಬ್ಬುಹಲ್ಲು ಹಿಂದಕ್ಕೆ ಸರಿಯಲೆಂದು ಬಾಯಿಂದ ಕತ್ತಿನ ಪಟ್ಟಿಗೆ ತಂತಿಯ ಕಮಾನು ಹಾಕಿದ್ದರು. ಸಹಪಾಠಿ ಯೋರ್ದಾಂಕ "ಏಯ್ ಕಡಿವಾಣದ ಕತ್ತೆ, ನಡಿಯೇ!" ಎಂದು ಅದನ್ನು ಮುಂದಕ್ಕೆಳೆದು ಬಿಟ್ಟುಬಿಟ್ಟಳು. ತುಟಿಯ ಅಂಚು ಸೀಳಿತು, ಮೂರು ಹೊಲಿಗೆ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತ್ತು.

ಈಗ ಅಂಥದೇ ಕಮಾನು ಅವಳ ಮಗಳ ಬಾಯಲ್ಲಿ. ಕಮಾನನ್ನು ಪಟ್ಟಿಗೆ ಎಳೆದು ಹಿಡಿಯುವ ರಬ್ಬರ್ ಉಂಗುರ ಎಷ್ಟು ಬಿಗಿ ಇರಬೇಕೆಂದು ಆರಿಸುವವಳು ನಾನು. ಮಕ್ಕಳಿಗೆ ನೆನಪಿರಲೆಂದು ಪೊಟ್ಟಣಗಳ ಮೇಲೆ ಪ್ರಾಣಿಯ ಚಿತ್ರ ಇರುತ್ತದೆ. ಮೊಲ ಹಗುರ, ನರಿ ಮಧ್ಯಮ, ಕರಡಿ ಬಲು ಬಿಗಿ. ಮೊದಲ ತಿಂಗಳು ಎಲ್ಲರಿಗೂ ಮೊಲವೇ.

"ಬಿಗಿಯಾಗೇ ಹಾಕಿ ಡಾಕ್ಟ್ರೇ," ಎಂದಳು ಯೋರ್ದಾಂಕ. "ಬೇಗ ಮುಗೀಲಿ. ಬೇಸಿಗೇಲಿ ಕುಣಿತದ ತಂಡದ ಫೋಟೋ ಇದೆ. ಇವಳೊಬ್ಳು ಅಳುಬುರುಕಿ, ಅತ್ರೆ ಅಳ್ಲಿ."

ಬಿಗಿದಷ್ಟೂ ಬೇಗ ಎಂಬುದು ತಾಯಂದಿರ ತಪ್ಪು ಎಣಿಕೆ. ಅತಿಯಾಗಿ ಎಳೆದರೆ ಹಲ್ಲು ಬೇಗ ಸರಿಯುವುದಿಲ್ಲ, ಬೇರು ಸವೆಯುತ್ತದೆ. ಹೇಳಬೇಕಿತ್ತು, ಹೇಳಲಿಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಕರಡಿ ಪೊಟ್ಟಣ ಹರಿದು ಒಂದು ಉಂಗುರವನ್ನು ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ಎಳೆದೆ. ಮುಳ್ಳು ಎಂಟುನೂರು ಗ್ರಾಂ ದಾಟಿತು.

ಮಿಲೆನ ಆ ಮುಳ್ಳನ್ನೇ ನೋಡುತ್ತಿದ್ದಳು. "ಡಾಕ್ಟರ್ ಆಂಟಿ, ಇದನ್ನ ಹಾಕ್ಕೊಂಡು ಹೋದ್ರೆ ಕ್ಲಾಸಲ್ಲಿ ಯಾರಾದ್ರೂ ಎಳೀತಾರಾ?"

ಥೂ, ಈ ಮಗು ನನಗೇನು ಮಾಡಿತ್ತು? ಕರಡಿ ಇವಳಿಗಲ್ಲ.

"ಎಳೆತ ಹೇಗಿರುತ್ತೇಂತ ಮನೇಲಿ ಒಬ್ರಿಗೆ ಗೊತ್ತಿರ್ಬೇಕು. ನೀವೇ ಬನ್ನಿ, ಕೂತ್ಕೊಳ್ಳಿ," ಎಂದು ಯೋರ್ದಾಂಕಳನ್ನು ಕುರ್ಚಿಗೆ ಕರೆದೆ.

ಡ್ರಾಯರಿನ ತಳದಿಂದ ನನ್ನದೇ ಹಳೆಯ ಕಮಾನು, ಪಟ್ಟಿ ತೆಗೆದು ಸ್ಪಿರಿಟ್‌ನಲ್ಲಿ ಒರೆಸಿದೆ. ಪಟ್ಟಿಯನ್ನು ಅವಳ ಕತ್ತಿಗೆ ಸುತ್ತಿ, ಕಮಾನನ್ನು ಹಲ್ಲಿಗೆ ಕಚ್ಚಿಸಿ ಎರಡೂ ಬದಿಗೆ ಕರಡಿ ಉಂಗುರ ಬಿಗಿದೆ. ಆಮೇಲೆ ಅದನ್ನು ಹಿಡಿದು ಮುಂದಕ್ಕೆಳೆದೆ. ಕಮಾನು ಹಲ್ಲಿನಿಂದ ಕಳಚಿ ಅವಳ ಮುಖದೆದುರು ನಿಂತಿತು. ಇನ್ನೊಂದು ಕೈಯಿಂದ ಮಾಸ್ಕ್ ಇಳಿಸಿದೆ.

"ಗುರುತು ಸಿಕ್ತೇನೇ? ಕಡಿವಾಣದ ಕತ್ತೆ ಕಣೇ ನಾನು. ಅವತ್ತು ನೀನು ಎಳ್ದೆ. ಈಗ ಬಿಡ್ಲಾ?"

ಅವಳ ಕಣ್ಣು ನನ್ನ ತುಟಿಯ ಕಲೆಯ ಮೇಲೆ ನಿಂತಿತು. ಮುಖ ಬಿಳಿಚಿತು. "ಝಿವ್ಕಾ... ಬೇಡ ಕಣೇ..." ಆಹಾ, ನನಗೆ ಸ್ವರ್ಗಕ್ಕೆ ಮೂರೇ ಗೇಣು! ನಿಧಾನವಾಗಿ ಹತ್ತರವರೆಗೆ ಎಣಿಸಿದೆ. ಆಮೇಲೆ ಕೈಬಿಡದೆಯೇ ಬಿಚ್ಚಿ ಬದಿಗಿಟ್ಟೆ.

ಮಗಳಿಗೆ ಮೊಲ ಹಾಕಿದೆ. "ಹೆದರ್ಬೇಡ ಪುಟ್ಟಿ. ಈಗಿನ ಪಟ್ಟಿ ಯಾರಾದ್ರೂ ಎಳೆದ್ರೆ ತಾನಾಗೇ ಬಿಟ್ಕೊಳ್ಳುತ್ತೆ. ನನ್ ಕಾಲದಲ್ಲಿ ಹಾಗಿರ್ಲಿಲ್ಲ."

ಮಿಲೆನ ತಾಯಿಯತ್ತ ತಿರುಗಿದಳು. "ಅಮ್ಮಾ, ಅವತ್ತು ನೀನು ಬಿಟ್ಬಿಟ್ಯಾ?"

ಯೋರ್ದಾಂಕ ಲ್ಯುತೆನಿತ್ಸಾ ಜಾಡಿ ಎತ್ತಿ ನನ್ನತ್ತ ಚಾಚಿದಳು.

"ಹೇಳೇ," ಎಂದೆ. "ಮಗು ಕೇಳ್ತಾ ಇದೆ."